ಬೆನ್ನ ಮೇಲಿನ ಹೆಸರು: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆ ನೋಡಲೆಂದೋ ಅಮೆರಿಕಕ್ಕೆ ಬಂದಿದ್ದೀರಿ. ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಬೇಸ್‌ಬಾಲ್ ಪಂದ್ಯವೊಂದಕ್ಕೆ ಬಂದು ಸಿಕ್ಕಿಕೊಂಡಿದ್ದೀರಿ. ಗಾಬರಿ ಬೇಡ. ಆಟ ತಿಳಿಯದಿದ್ದರೂ ಬೆನ್ನ ಮೇಲಿನ ಹೆಸರೆಂಬ ಈ ಉಪಕರಣವನ್ನು ಬಳಸಬಹುದು. ಚೆಂಡೆಸೆಯುವ ಪಿಚರ್‌ನ ಬೆನ್ನು ಹೆಚ್ಚು ಹೊತ್ತು ಕ್ಯಾಮೆರಾದ ಕಡೆಗೇ ಇರುತ್ತದೆ. ಬೆನ್ನ ಮೇಲೆ ಮನೆತನದ ಹೆಸರು ಇರುತ್ತದೆ. ಆ ಹೆಸರನ್ನು ಬಿಚ್ಚುವುದು ಹೇಗೆ, ಬಿಚ್ಚುವಾಗ ಏನು ಮುರಿಯಬಾರದು ಎಂಬಷ್ಟನ್ನೇ ಈ ಕೈಪಿಡಿ ಹೇಳುತ್ತದೆ. ಮಿಕ್ಕ ಪ್ರಶ್ನೆಗಳನ್ನು ಅಳಿಯಂದಿರ ಬಳಿ ಕೇಳಿ, ಅವರಿಗೂ ಗೊತ್ತಿರುವುದಿಲ್ಲ.

ಪರಿಭಾಷೆ

ಧಾರವಾಡದ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು. ಮೈಸೂರಿನ ಕಡೆ ಅದೇ ಮಾತಿಗೆ ಗೆಳೆಯರು ಕೀಟಲೆಗೆ ಇಟ್ಟ ಹೆಸರು ಎಂದರ್ಥ. ಈ ಕೈಪಿಡಿ ಧಾರವಾಡದ ಅರ್ಥವನ್ನು ಹಿಡಿದು ನಡೆಯುತ್ತದೆ. ಆದ್ದರಿಂದ ಯಾಂಕೀಸ್ ತಂಡದ ಪ್ರಖ್ಯಾತ ಕ್ಯಾಚರ್ ಯೋಗಿ ಬೆರಾ ಇದರ ವ್ಯಾಪ್ತಿಗೆ ಬರುವುದಿಲ್ಲ. ಲೊರೆಂಜೊ ಪಿಯೆತ್ರೊ ಬೆರಾ ಎಂಬ ಆ ಇಟಾಲಿಯನ್ ಮನೆಯ ಹುಡುಗ ಸರದಿಗೆ ಕಾಯುವಾಗ ಕೈಕಾಲು ಮಡಿಚಿ ಕೂರುತ್ತಿದ್ದನಂತೆ. ಸಿನಿಮಾದಲ್ಲಿ ನೋಡಿದ ಭಾರತದ ಯೋಗಿಯ ಹಾಗೇ ಕಾಣುತ್ತಾನೆ ಎಂದು ಗೆಳೆಯನೊಬ್ಬ ಇಟ್ಟ ಹೆಸರು ಅದು. ಶುದ್ಧ ಮೈಸೂರು ಮಾದರಿ.

ಉಪಕರಣದ ಪರಿಚಯ

ಮೇಜರ್ ಲೀಗ್‌ನಲ್ಲಿ ಅಂಗಿಯ ಬೆನ್ನಿಗೆ ಹೆಸರು ಬಂದದ್ದು 1960ರಲ್ಲಿ, ಶಿಕಾಗೊ ವೈಟ್ ಸಾಕ್ಸ್ ತಂಡದ ಮಾಲೀಕ ಬಿಲ್ ವೀಕ್‌ನ ಹುರುಪಿನಿಂದ. ಮೊದಲ ಕಂತಿನಲ್ಲೇ ತಯಾರಿಕಾ ದೋಷ. ಟೆಡ್ ಕ್ಲುಜೂಸ್ಕಿ ಎಂಬ ಭಾರೀ ತೋಳಿನ ಆಟಗಾರನ ಹೆಸರಿನಲ್ಲಿ ಝಡ್ ಅಕ್ಷರ ತಿರುಗುಮುರುಗಾಗಿತ್ತು, ಎರಡನೆಯ ಕೆ ಇರಬೇಕಾದಲ್ಲಿ ಎಕ್ಸ್ ಬಂದು ಕೂತಿತ್ತು. ರೇಷನ್ ಕಾರ್ಡಿನಲ್ಲಿ ತಮ್ಮ ಹೆಸರು ಓದಿ ಪಳಗಿದವರಿಗೆ ಇದರಲ್ಲಿ ಹೊಸದೇನೂ ಕಾಣದು.

ತೆರೆಯ ಮೇಲೆ ನ್ಯೂಯಾರ್ಕ್ ಯಾಂಕೀಸ್ ಇದ್ದರೆ ಉಪಕರಣ ಕೆಲಸ ಮಾಡುವುದಿಲ್ಲ. ಅವರು ತಮ್ಮ ಎಂದಿನ ಅಂಗಿಯ ಮೇಲೆ ಇವತ್ತಿಗೂ ಹೆಸರು ಹಾಕುವುದಿಲ್ಲ. 1929ರಲ್ಲಿ ಬ್ಯಾಟ್ ಮಾಡುವ ಸರದಿಯಂತೆ ಸಂಖ್ಯೆ ಕೊಟ್ಟರು: ಬೇಬ್ ರೂತ್‌ಗೆ 3, ಲೂ ಗೆರಿಗ್‌ಗೆ 4. ಅದಕ್ಕಿಂತ ಹೆಚ್ಚಿನ ಗುರುತು ಬೇಕಾದವರು ನಮ್ಮ ಆಟ ನೋಡಲು ಬರುವುದೇ ಬೇಡ ಎಂಬ ಠೀವಿ. ಚಾನೆಲ್ ಬದಲಿಸಿ.

ಲಭ್ಯವಿರುವ ಅತಿ ಉದ್ದದ ಮಾದರಿಗಳಲ್ಲೊಂದು ಜ್ಯಾರಡ್ ಸಾಲ್ಟಲಮಾಕಿಯಾ. ಇಂಗ್ಲಿಷಿನಲ್ಲಿ ಹದಿನಾಲ್ಕು ಅಕ್ಷರ. ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಕಮಾನು ಕಟ್ಟಿದ ಹಾಗೆ ಹರಡಿರುತ್ತಿತ್ತು. ಕನ್ನಡದಲ್ಲಿ ಬರೆದರೆ ಆರೇ ಅಕ್ಷರಕ್ಕೆ ಮುಗಿಯುತ್ತದೆ, ಬಟ್ಟೆಯೂ ಉಳಿಯುತ್ತದೆ. ಇಟಾಲಿಯನ್ನಿನಲ್ಲಿ ಅರ್ಥ ‘ಪೊದೆ ಹಾರು’. ಈತ ಕ್ಯಾಚರ್. ಎಂದರೆ ಪಂದ್ಯವಿಡೀ ಕುಕ್ಕರಗಾಲಲ್ಲಿ ಕೂತಿರುವವನು.

ಕಾಲಮಿತಿ

2023ರಿಂದ ಮೈದಾನದಲ್ಲಿ ಗಡಿಯಾರ ಬಂದಿದೆ. ಬೇಸ್‌ಗಳು ಖಾಲಿಯಿದ್ದಾಗ ಪಿಚರ್ ಹದಿನೈದು ಸೆಕೆಂಡಿನೊಳಗೆ ಎಸೆತ ಶುರುಮಾಡಬೇಕು. ಮೊದಲು ಹೀಗಿರಲಿಲ್ಲ, ಆತ ಉಗುಳಿ, ಟೋಪಿ ಸರಿಪಡಿಸಿ, ಆಕಾಶ ನೋಡಿ ಮುಗಿಸುವಷ್ಟರಲ್ಲಿ ಒಂದು ವಂಶಾವಳಿಯನ್ನೇ ಬಿಡಿಸಬಹುದಿತ್ತು. ಈಗಿನ ಬಳಕೆದಾರರು ಕೈಚಳಕ ಬೆಳೆಸಿಕೊಳ್ಳಬೇಕು.

ಕಮ್ಮಾರನ ಮೇಲೆ ಮೊದಲ ಪ್ರಯೋಗ

ಯೂರೋಪಿನ ಹಳ್ಳಿಗಳಲ್ಲಿ ಬೇಸಾಯಗಾರರು ನೂರು ಜನ ಇದ್ದರೆ ಕಮ್ಮಾರ ಒಬ್ಬನಿರುತ್ತಿದ್ದ. ಹಾಗಾಗಿ ಬೇಸಾಯಗಾರನಿಗೆ ಕಸುಬು ಗುರುತಾಗಲಿಲ್ಲ, ಕಮ್ಮಾರನಿಗೆ ಆಯಿತು. ನೂರು ಜನರ ಮಕ್ಕಳು ನೂರು ಹೆಸರಿನಲ್ಲಿ ಚದುರಿಹೋದರೆ, ಊರೂರಿನ ಕಮ್ಮಾರರ ಮಕ್ಕಳೆಲ್ಲ ಒಂದೇ ಹೆಸರಿನಡಿ ಬಂದು ಸೇರಿದರು. ಸ್ಮಿತ್‌ಗಳು ಲೆಕ್ಕವಿಲ್ಲದಷ್ಟು ಇರುವುದಕ್ಕೆ ಇದೇ ಕಾರಣ.

ಅಂಗಿಯ ಮೇಲೆ ಸ್ಮಿತ್ ಎಂದಿದ್ದರೆ ಸುಲಭ. ಸ್ವಲ್ಪ ಪಳಗಿದ ಮೇಲೆ ವೇಷ ಮರೆಸಿಕೊಂಡ ಕಮ್ಮಾರರನ್ನು ಹುಡುಕಿ. ಫಿಲಡೆಲ್ಫಿಯದ ಪರ 548 ಹೋಮ್ ರನ್ (ಚೆಂಡನ್ನು ಬೇಲಿಯಾಚೆಗೆ ಅಟ್ಟುವ ಹೊಡೆತ) ಹೊಡೆದ ಮೈಕ್ ಶ್ಮಿಟ್ ಜರ್ಮನ್ ಕಮ್ಮಾರ. ಎರೆರಾ ಎಂಬ ಸ್ಪ್ಯಾನಿಷ್ ಹೆಸರಿನೊಳಗೆ ಕಬ್ಬಿಣದ ಕುಲುಮೆಯಿದೆ. 1920ರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮೂರು ಪಂದ್ಯ ಗೆದ್ದುಕೊಟ್ಟ ಸ್ಟ್ಯಾನ್ ಕೊವಲೆಸ್ಕಿ ಹುಟ್ಟಿದಾಗ ಕೊವಲೆವ್‌ಸ್ಕಿ. ಪೋಲಿಷ್ ಭಾಷೆಯ ‘ಕೊವಲ್’ ಎಂದರೂ ಕಮ್ಮಾರನೇ. ಕಲ್ಲಿದ್ದಲ ಗಣಿಯ ಊರಿನಿಂದ ಬಂದವನು, ಹುಡುಗನಾಗಿದ್ದಾಗ ಗಣಿಯಲ್ಲಿ ದುಡಿದವನು. ಕಲ್ಲಿದ್ದಲಿಗೂ ಕುಲುಮೆಗೂ ಗಂಟು ಹಾಕಿ ಕಥೆ ಕಟ್ಟಬೇಕೆಂಬ ಚಪಲ ಇಲ್ಲಿ ಹುಟ್ಟುತ್ತದೆ. ತಡೆದುಕೊಳ್ಳಿ. ಹೆಸರಿನ ಕಮ್ಮಾರ ಸತ್ತು ಎಷ್ಟೋ ತಲೆಮಾರು ಕಳೆದಿದೆ. ಅಂಗಿ ತೊಟ್ಟವನಿಗೂ ಅವನಿಗೂ ಪರಿಚಯವಿಲ್ಲ.

ಅತಿಬಳಕೆಯಿಂದ ಉಪಕರಣ ಬಿಸಿಯಾದ ಒಂದು ಪ್ರಕರಣ ದಾಖಲಾಗಿದೆ. 2020ರ ಅಕ್ಟೋಬರ್ 16ರಂದು ನ್ಯಾಷನಲ್ ಲೀಗ್ ಫೈನಲ್‌ನ ಐದನೆಯ ಪಂದ್ಯದಲ್ಲಿ ಅಟ್ಲಾಂಟಾದ ಪಿಚರ್ ವಿಲ್ ಸ್ಮಿತ್ ಎಸೆದ ಚೆಂಡನ್ನು ಡಾಡ್ಜರ್ಸ್ ತಂಡದ ಕ್ಯಾಚರ್ ವಿಲ್ ಸ್ಮಿತ್ ಹೋಮ್ ರನ್‌ಗೆ ಎತ್ತಿದ. ಮೂರು ರನ್ ಬಂತು. ನಂಟರಲ್ಲ, ದಾಯಾದಿಗಳೂ ಅಲ್ಲ. ಅಂಥ ಹೊತ್ತಿನಲ್ಲಿ ಹೆಸರನ್ನು ಬದಿಗಿಟ್ಟು ಅಂಗಿಯ ಬಣ್ಣ ನೋಡಿ.

ಬಡಗಿಗಳೂ ಇದ್ದಾರೆ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ಆಟಕ್ಕೆ ನಿಯಮ ಬರೆದಾಗ ಅಲ್ಲಿದ್ದ ಅಲೆಗ್ಸಾಂಡರ್ ಕಾರ್ಟ್‌ರೈಟ್ ಎಂಬುವನ ಹೆಸರಿಗೆ ಗಾಡಿ ಮಾಡುವವನು ಎಂದರ್ಥ. ಸಿಗರೇಟಿನ ಜೊತೆ ಬರುತ್ತಿದ್ದ ಚಿತ್ರಪಟ ಈಗ ಕೋಟಿಗಟ್ಟಲೆ ಬೆಲೆಗೆ ಮಾರಾಟವಾಗುವ ಹೋನಸ್ ವ್ಯಾಗ್ನರ್‌ನದೂ ಅದೇ ಕಸುಬು, ಜರ್ಮನ್ನಿನಲ್ಲಿ. ಇಬ್ಬರೂ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಅದು ಇರುವ ಊರು ಕೂಪರ್ಸ್‌ಟೌನ್. ಕೂಪರ್ ಎಂದರೆ ಮರದ ಪೀಪಾಯಿ ಕಟ್ಟುವವನು. ಆಟ ಇಂಥವರ ಕೈಯಲ್ಲಿ ಹುಟ್ಟಿತು ಎಂದುಬಿಟ್ಟರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಕೂಪರ್ಸ್‌ಟೌನಿನಲ್ಲಿ ಆಗಲೇ ಒಂದು ಸುಳ್ಳು ಹುಟ್ಟುಕಥೆ ಇದೆ: 1839ರಲ್ಲಿ ಅಬ್ನರ್ ಡಬಲ್‌ಡೇ ಎಂಬ ಸೇನಾಧಿಕಾರಿ ಅಲ್ಲಿಯೇ ಆಟವನ್ನು ಕಂಡುಹಿಡಿದ ಎಂಬುದು. ಒಂದು ಊರಿಗೆ ಒಂದು ಸುಳ್ಳು ಸಾಕು.

ಎಚ್ಚರಿಕೆ: ನೀರಿನಿಂದ ದೂರವಿಡಿ

ಲಾಸ್ ಏಂಜಲಿಸ್ ಪಕ್ಕದ ಆನಹೈಮ್‌ನಲ್ಲಿ ಆಡುವ ಏಂಜಲ್ಸ್ ತಂಡದಲ್ಲಿ ಟಿಮ್ ಸಾಮನ್ ಎಂಬುವನಿದ್ದ. ಆಡಿದ್ದೆಲ್ಲ ಅದೊಂದೇ ತಂಡಕ್ಕೆ. 299 ಹೋಮ್ ರನ್ ಹೊಡೆದು, ಮುನ್ನೂರಕ್ಕೆ ಒಂದು ಬಾಕಿ ಉಳಿಸಿ ನಿವೃತ್ತನಾದ. ಆ ತಂಡದ ದಾಖಲೆ ಅದು. 2020ರಲ್ಲಿ ಅದನ್ನು ದಾಟಿದವನು ಮೈಕ್ ಟ್ರೌಟ್. ಒಂದು ಮೀನನ್ನು ಇನ್ನೊಂದು ಮೀನು ನುಂಗಿತು ಎಂದು ಬರೆಯದ ಪತ್ರಕರ್ತನಿಲ್ಲ. ಆದರೆ ಬಿಚ್ಚಿ ನೋಡಿದರೆ ಮೀನು ಒಂದೇ. ಟ್ರೌಟ್ ನಿಜವಾಗಿಯೂ ಟ್ರೌಟ್ ಮೀನು. ಮೀನು ಹಿಡಿಯುವವನಿಗೋ ಮೀನಿನಂತೆ ಕಂಡವನಿಗೋ ಬಂದ ಹೆಸರು. ಸಾಮನ್ ಮಾತ್ರ ಹೊಳೆಯ ಕಡೆ ಹೋದವನೇ ಅಲ್ಲ. ಬೈಬಲ್ಲಿನ ದೊರೆ ಸಾಲೊಮನ್ನನ ಹೆಸರು ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷರ ಬಾಯಲ್ಲಿ ಇನ್ನಷ್ಟು ಸವೆದು ಹಾಗಾಯಿತು. ಅಭಿಮಾನಿಗಳು ಟಿಮ್‌ನನ್ನು ಮೀನುಗಳ ರಾಜ ಎನ್ನುತ್ತಿದ್ದರು. ಮೀನು ತಪ್ಪು, ರಾಜ ಸರಿ.

ಕಂಡದ್ದನ್ನೆಲ್ಲ ಕಂಡ ಹಾಗೇ ಓದಬೇಡಿ ಎಂಬ ಸೂಚನೆಯನ್ನು ಎಲ್ಲ ಮಾದರಿಗಳಿಗೂ ಅನ್ವಯಿಸಿ. 1946ರ ವರ್ಲ್ಡ್ ಸೀರೀಸ್‌ನಲ್ಲಿ ಮೊದಲ ಬೇಸ್‌ನಿಂದ ಒಂದೇ ಓಟಕ್ಕೆ ಮನೆ ಮುಟ್ಟಿದ ಈನೋಸ್ ಸ್ಲಾಟರ್‌ನ ಹೆಸರು ಕಸಾಯಿಖಾನೆಯಂತೆ ಕೇಳಿಸುತ್ತದೆ. ಆದರೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸ್ಲಾಟರ್ ಎಂಬ ಹೆಸರಿನ ಹಳ್ಳಿಗಳಿವೆ, ಅಲ್ಲಿ ಆ ಮಾತಿಗೆ ಕೆಸರುನೆಲ ಎಂದು ಅರ್ಥ ಹೇಳುತ್ತಾರೆ.

ಹೆಸರೂ ಆಟವೂ ತಾಳೆಯಾದರೆ

ಇದು ಉಪಕರಣದ ಅತಿ ಮೋಜಿನ ಭಾಗ, ಆದ್ದರಿಂದ ಮಕ್ಕಳಿಗೆ ಕೊಡಬಹುದು. ಪಿಚರ್ ನಾಲ್ಕು ಎಸೆತ ಹಾಳು ಮಾಡಿದರೆ ಅಂಪೈರು ‘ಬಾಲ್ ಫೋರ್’ ಎನ್ನುತ್ತಾನೆ, ಬ್ಯಾಟ್ಸ್‌ಮನ್ ಬಿಟ್ಟಿ ನಡೆದು ಮೊದಲ ಬೇಸ್ ಸೇರುತ್ತಾನೆ. ಅದಕ್ಕೆ ವಾಕ್ ಎನ್ನುತ್ತಾರೆ. ಪಿಚರ್‌ಗೆ ಇದಕ್ಕಿಂತ ಅವಮಾನವಿಲ್ಲ. ಇಷ್ಟಿದ್ದೂ ಆಸ್ಟ್ರೇಲಿಯದಿಂದ ಬಂದ ಒಬ್ಬ ಪಿಚರ್‌ನ ಹೆಸರು ಗ್ರ್ಯಾಂಟ್ ಬಾಲ್ಫರ್. 1980ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಫಿಲಡೆಲ್ಫಿಯದ ಪರ ಚೆಂಡು ಹಿಡಿದ ಹೊಸ ಹುಡುಗನ ಹೆಸರು ಬಾಬ್ ವಾಕ್. ಪಾಪ, ಬಾಲ್ಫರ್ ಎಂಬುದು ಸ್ಕಾಟ್ಲೆಂಡಿನ ಫೈಫ್ ಸೀಮೆಯ ಒಂದು ಊರು. ಅಲ್ಲಿ ಯಾರೂ ಚೆಂಡು ಎಣಿಸುತ್ತಿರಲಿಲ್ಲ.

ಸಿನ್ಸಿನಾಟಿಯ ಜಾನಿ ಬೆಂಚ್ ಹದಿನಾಲ್ಕು ಸಲ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾದವನು. ಬೆಂಚಿನ ಮೇಲೆ ಕೂರಿಸುವ ಧೈರ್ಯ ಯಾರಿಗಿತ್ತು? ಸೆಸಿಲ್ ಫೀಲ್ಡರ್ ಮತ್ತು ಆತನ ಮಗ ಪ್ರಿನ್ಸ್ ಫೀಲ್ಡರ್ ಬೇರೆ ಬೇರೆ ಕಾಲದಲ್ಲಿ ಆಡಿ ತಲಾ 319 ಹೋಮ್ ರನ್‌ಗೆ ನಿಂತರು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹೆಸರಿನ ಅರ್ಥ ಬಯಲುಸೀಮೆಯಲ್ಲಿ ಇರುವವನು. ಇಬ್ಬರೂ ಕೊನೆಕೊನೆಗೆ ಬ್ಯಾಟ್ ಮಾತ್ರ ಮಾಡಿ, ಫೀಲ್ಡಿಂಗ್‌ಗೆ ಇಳಿಯದೆ ಕೂತಿರುತ್ತಿದ್ದದ್ದೇ ಹೆಚ್ಚು. ಸೈ ಯಂಗ್ ನಲವತ್ತನಾಲ್ಕರವರೆಗೂ ಯಂಗ್ ಆಗಿಯೇ ಎಸೆದು 511 ಪಂದ್ಯ ಗೆದ್ದ. ಅರ್ಲಿ ವಿನ್ ಎಂಬ ಪಿಚರ್‌ನದು ಇದರ ತಿರುವು: ಹೆಸರನ್ನು ಕಿವಿಯಲ್ಲಿ ಕೇಳಿದರೆ ‘ಬೇಗ ಗೆಲುವು’. ಮುನ್ನೂರನೆಯ ಗೆಲುವಿಗಾಗಿ ಒದ್ದಾಡಿ ಒದ್ದಾಡಿ, ಅದು ದಕ್ಕಿದ್ದು 1963ರಲ್ಲಿ, ನಲವತ್ತಮೂರನೆಯ ವಯಸ್ಸಿಗೆ. ಅದೇ ಕೊನೆಯದೂ ಆಯಿತು.

ಬಿಡಿಭಾಗಗಳು ಅದಲುಬದಲಾದ ಉದಾಹರಣೆಯೂ ಇದೆ. ಮೈಕ್ ಮುಸ್ತಾಕಸ್‌ನ ಗ್ರೀಕ್ ಹೆಸರಿಗೆ ಮೀಸೆಯವನು ಎಂದರ್ಥ. ಬೇಸ್‌ಬಾಲ್‌ನ ಅತಿ ಪ್ರಸಿದ್ಧ ಹುರಿಮೀಸೆ ಮಾತ್ರ ಬೆಳೆದದ್ದು ರೋಲಿ ಫಿಂಗರ್ಸ್ ಮುಖದ ಮೇಲೆ. ಕಂಪನಿ ಬದಲಾಯಿಸಿ ಕೊಡುವುದಿಲ್ಲ. ಕೋಕೊ ಕ್ರಿಸ್ಪ್ ಒಬ್ಬನಿಗೆ ಸರಿಯಾದ ಭಾಗ ಬಂದಿದೆ: ಕ್ರಿಸ್ಪ್ ಎಂದರೆ ಗುಂಗುರು ಕೂದಲಿನವನು.

ತುಂಡಾದ ಹೆಸರುಗಳು

ಎಲಿಸ್ ದ್ವೀಪದ ವಲಸೆ ಕಚೇರಿಯಲ್ಲಿ ಗುಮಾಸ್ತರು ಹೆಸರು ಬದಲಿಸಿಬಿಡುತ್ತಿದ್ದರು ಎಂಬ ಮಾತನ್ನು ನಂಬಬೇಡಿ. ಅವರ ಕೈಯಲ್ಲಿ ಇರುತ್ತಿದ್ದುದು ಹಡಗು ಹೊರಟ ಕಡೆಯಲ್ಲೇ ಬರೆದ ಪಟ್ಟಿ. ಹೆಸರು ಕತ್ತರಿಸಿದವರು ಆಮೇಲಿನವರು: ಶಾಲೆಯವರು, ಪತ್ರಿಕೆಯವರು, ಎಷ್ಟೋ ಸಲ ಹೆಸರಿನವರೇ. ಕ್ರೊಯೇಷಿಯಾ ಮೂಲದ ಜಾನ್ ಪವೆಸ್ಕೊವಿಚ್ ಪತ್ರಿಕೆಯ ಅಂಕಪಟ್ಟಿಯ ಕಿರುಕಂಬಕ್ಕೆ ಹಿಡಿಸಲಿಲ್ಲ, ಪೆಸ್ಕಿ ಆದ. 1947ರಲ್ಲಿ ಕಾನೂನಿನಲ್ಲೂ ಅದನ್ನೇ ಮಾಡಿಸಿಕೊಂಡ. ಬಾಸ್ಟನ್ನಿನ ಫೆನ್‌ವೇ ಮೈದಾನದಲ್ಲಿ 302 ಅಡಿ ದೂರದ ಬಲಗಂಬಕ್ಕೆ ಈಗ ಆ ಕತ್ತರಿಸಿದ ಹೆಸರೇ ಇದೆ. ಮಿಲ್ವಾಕಿಯ ಅಲ್ ಸಿಮನ್ಸ್ ಹುಟ್ಟಿದ್ದು ಶಿಮಾನ್ಸ್ಕಿಯಾಗಿ. ಹಾರ್ಡ್‌ವೇರ್ ಕಂಪನಿಯೊಂದರ ಜಾಹೀರಾತಿನಲ್ಲಿ ಸಿಮನ್ಸ್ ಎಂದು ಕಂಡು ಎತ್ತಿಕೊಂಡನಂತೆ. ಎರಡರ ಬುಡ ಅಗೆದು ನೋಡಿ, ಎರಡು ಕಡೆಯೂ ಸೈಮನ್ ಎಂಬ ಒಬ್ಬನೇ ಕೂತಿದ್ದಾನೆ. ಜಾಹೀರಾತು ಈತನಿಗೆ ಈತನ ಹೆಸರನ್ನೇ ಮಾರಿತು.

ಕತ್ತರಿಸಲು ಒಪ್ಪದವರೂ ಇದ್ದರು. ಕಾರ್ಲ್ ಯಸ್ಟ್ರೆಮ್‌ಸ್ಕಿ ಇಪ್ಪತ್ತಮೂರು ವರ್ಷ ಬಾಸ್ಟನ್ನಿಗೆ ಆಡಿ ವರದಿಗಾರರ ಕಾಗುಣಿತ ತಿದ್ದಿದ. ಪೋಲಿಷ್‌ನಲ್ಲಿ ಆ ಹೆಸರಿನೊಳಗೆ ಕೂತಿರುವುದು ಗಿಡುಗ. ಸ್ಟ್ಯಾನ್ ಮ್ಯೂಸಿಯಲ್‌ನದು ಇನ್ನೂ ವಿಚಿತ್ರ. ಅದೊಂದು ಕ್ರಿಯಾಪದ, ‘ಮಾಡಲೇಬೇಕಾಯಿತು’ ಎಂಬುದು. ಏನು ಮಾಡಲೇಬೇಕಾಯಿತು ಎಂಬುದನ್ನು ಹೆಸರು ಹೇಳುವುದಿಲ್ಲ. ಆತ 3,630 ಹಿಟ್ ಹೊಡೆದ, ತವರು ಮೈದಾನದಲ್ಲಿ 1,815, ಹೊರಗೆ 1,815. ಯಾರಿಗೋ ಲೆಕ್ಕ ಒಪ್ಪಿಸಬೇಕಾದವನ ಹಾಗೆ.

ಎರಡು ಹೆಸರಿನ ಮಾದರಿ: ಕೈ ಜೋಪಾನ

ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಅಪ್ಪನ ಮನೆಯ ಹೆಸರು ಮೊದಲು, ಅಮ್ಮನ ಮನೆಯದು ಆಮೇಲೆ. ಕರೆಯುವುದು ಮೊದಲನೆಯದರಿಂದ. ಅಮೆರಿಕದ ಕಣ್ಣು ಮಾತ್ರ ಕೊನೆಯ ಹೆಸರನ್ನೇ ಹುಡುಕುತ್ತದೆ. ಉಪಕರಣ ಹೆಚ್ಚು ಒಡೆದಿರುವುದು ಇಲ್ಲೇ.

ಡೊಮಿನಿಕನ್ ಗಣರಾಜ್ಯದ ಫೆಲಿಪೆ ರೋಹಾಸ್ ಅಲೂ ಆಟಕ್ಕೆ ಸಹಿ ಹಾಕಿದಾಗ ಕಾಗದದ ಮೇಲೆ ಅಮ್ಮನ ಹೆಸರೇ ಮನೆತನದ ಹೆಸರಾಗಿ ಕೂತಿತು. ಹೊಸಬ, ಇಂಗ್ಲಿಷ್ ಬಾರದವನು, ಸುಮ್ಮನಿದ್ದ. ಹಿಂದೆ ಬಂದ ತಮ್ಮಂದಿರು ಮ್ಯಾಟಿ, ಹೆಸೂಸ್ ಕೂಡ ಅಲೂಗಳೇ ಆದರು. 1963ರಲ್ಲಿ ಜೈಂಟ್ಸ್ ತಂಡದ ಹೊರಮೈದಾನದ ಮೂರೂ ಮೂಲೆಯಲ್ಲಿ ಮೂವರು ಅಣ್ಣತಮ್ಮಂದಿರು ಒಟ್ಟಿಗೆ ನಿಂತಾಗ ಮೂವರಿಗೂ ಅಮ್ಮನ ತವರಿನ ಹೆಸರು. ಫೆಲಿಪೆಯ ಒಬ್ಬ ಮಗ ಮೊಯ್ಸೆಸ್ ಅಲೂ ಎಂದೇ ಹೆಸರು ಮಾಡಿದ. ಇನ್ನೊಬ್ಬ ಮಗ, 2020ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಮ್ಯಾನೇಜರ್ ಆದ ಲೂಯಿಸ್, ರೋಹಾಸ್. ಒಂದೇ ಅಪ್ಪನ ಇಬ್ಬರು ಮಕ್ಕಳಿಗೆ ಎರಡು ಮನೆತನ ದಯಪಾಲಿಸಿದ್ದು ಯಾರದೋ ಅವಸರದ ಪೆನ್ನು.

ರೊಬೆರ್ತೊ ಕ್ಲೆಮೆಂತೆಗೆ ಆದದ್ದು ಇದಕ್ಕಿಂತ ಉದ್ದದ ಕಥೆ. ಪೋರ್ಟೊ ರೀಕೊದ ಈತ ಪಿಟ್ಸ್‌ಬರ್ಗ್‌ಗೆ ಹದಿನೆಂಟು ಋತು ಆಡಿದ. ಆಟಗಾರರ ಚಿತ್ರಪಟಗಳ ಮೇಲೆ ವರ್ಷಗಟ್ಟಲೆ ‘ಬಾಬ್ ಕ್ಲೆಮೆಂತೆ’ ಎಂದು ಅಚ್ಚು ಹಾಕಿದರು. ಆತನಿಗೆ ಅದು ಹಿಡಿಸುತ್ತಿರಲಿಲ್ಲ. ರೊಬೆರ್ತೊ ಕ್ಲೆಮೆಂತೆ ವಾಕರ್ ಎಂಬ ಪೂರ್ಣ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಇಪ್ಪತ್ತೊಂದು ಎಂದು ಎಣಿಸಿ 21ನೆಯ ಅಂಗಿ ಆರಿಸಿಕೊಂಡನೆಂದು ಹೇಳುತ್ತಾರೆ. ಕ್ಲೆಮೆಂತೆ ಎಂದರೆ ದಯೆಯುಳ್ಳವನು. 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಾನು ಹೊತ್ತ ವಿಮಾನದಲ್ಲಿ ತಾನೇ ಹೊರಟ, ವಿಮಾನ ಕಡಲಿಗೆ ಬಿತ್ತು. ಹಿಟ್‌ಗಳ ಲೆಕ್ಕ ಸರಿಯಾಗಿ ಮೂರು ಸಾವಿರಕ್ಕೆ ನಿಂತಿತು. ಐದು ವರ್ಷ ಕಾಯಬೇಕೆಂಬ ನಿಯಮ ಬದಿಗಿಟ್ಟು 1973ರಲ್ಲೇ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಕಂಚಿನ ಫಲಕದಲ್ಲಿ ಮಾತ್ರ ಹೆಸರನ್ನು ‘ರೊಬೆರ್ತೊ ವಾಕರ್ ಕ್ಲೆಮೆಂತೆ’ ಎಂದು ಹಿಂದುಮುಂದಾಗಿ ಎರಕ ಹೊಯ್ದರು. ತಿದ್ದಿದ ಫಲಕ ಬಂದದ್ದು 2000ದಲ್ಲಿ. ಕ್ಲುಜೂಸ್ಕಿಯ ಝಡ್‌ಗೆ ನಕ್ಕ ಹಾಗೆ ಇದಕ್ಕೆ ನಗಲು ಬರುವುದಿಲ್ಲ.

ಅರ್ಥ ಅನ್ವಯಿಸದ ಭಾಗ

ರಾಬಿನ್ಸನ್ ಎಂದರೆ ರಾಬಿನ್‌ನ ಮಗ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಅಂಗಿ ತೊಟ್ಟು ಬಣ್ಣಭೇದದ ಗೋಡೆ ದಾಟಿದ ಜಾಕಿ ರಾಬಿನ್ಸನ್ ವಿಷಯದಲ್ಲಿ ಆ ಇಂಗ್ಲಿಷ್ ರಾಬಿನ್‌ನನ್ನು ಹುಡುಕಲು ಹೊರಡಬೇಡಿ. ಗುಲಾಮರನ್ನು ಯಜಮಾನರ ಲೆಕ್ಕದ ಪುಸ್ತಕದಲ್ಲಿ ಬರಿಯ ಮೊದಲ ಹೆಸರಿನಿಂದ ಬರೆಯುತ್ತಿದ್ದರು. ಬಿಡುಗಡೆಯಾದ ಹೆಚ್ಚಿನವರ ಪೂರ್ತಿ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಕೆಲವರು ಯಜಮಾನನ ಹೆಸರನ್ನೇ ಇಟ್ಟುಕೊಂಡರು, ಕೆಲವರು ಅವನದನ್ನು ಬಿಟ್ಟು ಬೇರೆ ಆರಿಸಿಕೊಂಡರು. 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಹೆಸರಿನವರಲ್ಲಿ ಹತ್ತಕ್ಕೆ ಒಂಬತ್ತು ಜನ ಕಪ್ಪು ಅಮೆರಿಕನ್ನರು. ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡೇ ಆಡುತ್ತಿದ್ದ ಯು. ಎಲ್. ವಾಷಿಂಗ್ಟನ್‌ನ ಬೆನ್ನು ಕಂಡರೆ ಇಂಗ್ಲೆಂಡಿನ ಡರ್ಹಮ್ ಸೀಮೆಯ ಊರಿನ ಕಥೆ ತೆಗೆಯಬೇಡಿ. ಇಲ್ಲಿ ನಿಘಂಟು ಮುಚ್ಚಿಡಿ.

ಪೂರ್ವದೇಶದ ಮಾದರಿಗಳು

ಇವು ಚಿತ್ರಲಿಪಿಯಲ್ಲಿ ಬರುತ್ತವೆ, ಬಿಚ್ಚಲು ಸಲೀಸು. ಒಂದೇ ಋತುವಿನಲ್ಲಿ, 2024ರಲ್ಲಿ, 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ ಶೋಹೆಇ ಓತಾನಿಯದು ‘ದೊಡ್ಡ ಕಣಿವೆ’. ಹಿದೆಕಿ ಮತ್ಸುಇಯದು ‘ಪೈನ್ ಮರದ ಬಾವಿ’. ಜಪಾನಿನಲ್ಲಿ ಸಾಮಾನ್ಯರೂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಕಾನೂನಾದದ್ದು 1875ರಲ್ಲಿ. ಅಲ್ಲಿ ಸುಜುಕಿಗಳು ಎಷ್ಟಿದ್ದಾರೆಂದರೆ, ಒಬ್ಬ ಸುಜುಕಿ 1994ರಲ್ಲಿ ಬೆನ್ನ ಮೇಲೆ ಮೊದಲ ಹೆಸರನ್ನೇ ಹಾಕಿಸಿಕೊಂಡು ಇಚಿರೊ ಆದ.

ಯು ದರ್ವಿಶ್‌ನನ್ನು ಬಿಚ್ಚಲು ಜಪಾನಿ ನಿಘಂಟು ಬೇಡ, ಕನ್ನಡದ್ದೇ ಸಾಕು. ತಂದೆ ಇರಾನಿನವರು, ಹೆಸರು ನಮ್ಮಲ್ಲೂ ಬಳಕೆಯಲ್ಲಿರುವ ದರವೇಶಿ, ಬೇಡಿ ಉಣ್ಣುವ ಫಕೀರ. 2023ರಲ್ಲಿ ಸ್ಯಾನ್ ಡಿಯೇಗೊ ತಂಡ ಈ ಫಕೀರನ ಜೋಳಿಗೆಗೆ ಆರು ವರ್ಷಕ್ಕೆಂದು ಹಾಕಿದ್ದು 108 ಮಿಲಿಯನ್ ಡಾಲರ್. ಬೇಸ್‌ಬಾಲ್ ಚೆಂಡಿನ ಮೇಲಿನ ಜೋಡಿ ಹೊಲಿಗೆಗಳೂ 108. ಅಷ್ಟೋತ್ತರ ಹೇಳಿ ಅಭ್ಯಾಸವಿರುವವರು ಇಲ್ಲಿ ರೋಮಾಂಚನಗೊಳ್ಳುವುದುಂಟು. ನೀರು ಕುಡಿಯಿರಿ, ಹೋಗುತ್ತದೆ.

ಭಾರತೀಯ ಬಳಕೆದಾರರಿಗೆ ವಿಶೇಷ ಸೂಚನೆ

ಟಿ.ವಿ. ಸ್ಪರ್ಧೆಯೊಂದರಲ್ಲಿ ಚೆಂಡೆಸೆದು ಗೆದ್ದು, 2008ರಲ್ಲಿ ಪಿಟ್ಸ್‌ಬರ್ಗ್ ತಂಡದೊಡನೆ ಒಪ್ಪಂದಕ್ಕೆ ಸಹಿ ಹಾಕಿದ ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ನಿಮಗೆ ನೆನಪಿರಬಹುದು; ಸಿಂಹ ಮತ್ತು ಊರ ಪಟೇಲ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ, ಸಿನಿಮಾ ಮಾತ್ರ ಬಂತು. 2024ರಲ್ಲಿ ಟೆಕ್ಸಸ್ ರೇಂಜರ್ಸ್ ಪರ ಇಳಿದ ಕುಮಾರ್ ರಾಕರ್‌ನ ತಾಯಿ ಭಾರತೀಯ ಮೂಲದವರು. ಆದರೆ ಕುಮಾರ್ ಮೊದಲ ಹೆಸರಾದ್ದರಿಂದ ಅಂಗಿಯ ಮೇಲೆ ಕಾಣುವುದಿಲ್ಲ. ಕಾಮೆಂಟರಿಯಲ್ಲಿ ‘ಕುಮಾರ್’ ಎಂದು ಕೇಳಿದ ಕೂಡಲೇ ಸೋಫಾದಿಂದ ಎದ್ದು ‘ನಮ್ಮೋರೇನೋ? ಯಾವ ಕಡೆಯೋರಂತೆ?’ ಎಂದು ಮನೆಯವರನ್ನು ಕೂಗಬೇಡಿ. ಅಳಿಯಂದಿರು ಮೀಟಿಂಗಿನಲ್ಲಿರುತ್ತಾರೆ.

ಜೋಡಿಸಿಡುವ ಕ್ರಮ

ಬಳಕೆಯ ನಂತರ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ. ಇಂಗ್ಲಿಷ್ ಕ್ರಮದಲ್ಲಿ ಎಷ್ಟೋ ಕಾಲ ಆರನ್ ಮನೆತನವೇ ಮೊದಲು; 755 ಹೋಮ್ ರನ್‌ಗಳ ಹ್ಯಾಂಕ್ ಆರನ್ ಆಟಗಾರರ ಪಟ್ಟಿಯ ಬಾಗಿಲಲ್ಲೇ ನಿಂತಿರುತ್ತಿದ್ದ. 2004ರಲ್ಲಿ ಡೇವಿಡ್ ಆರ್ಡ್ಸ್ಮಾ ಎಂಬ ಪಿಚರ್ ಒಂದು ಅಕ್ಷರದ ಬಲದಿಂದ ಆತನನ್ನು ಹಿಂದಕ್ಕೆ ಸರಿಸಿದ. ಕೊನೆಯಲ್ಲಿ ಬಹುಕಾಲ ಇದ್ದವನು ಡಚ್ ಜ್ವಿಲಿಂಗ್. ಜರ್ಮನ್ನಿನಲ್ಲಿ ಅವಳಿ ಎಂದರ್ಥ. 2015ರಲ್ಲಿ ಸಿಯಾಟಲ್‌ನ ಟೋನಿ ಜಿಕ್ ಬಂದು ಅವನ ಹಿಂದೆ ನಿಂತ.

ಕನ್ನಡದ ಕಪಾಟಿನಲ್ಲಿ ಈ ಏರ್ಪಾಡು ನಿಲ್ಲುವುದಿಲ್ಲ. ನಮ್ಮಲ್ಲಿ ಒತ್ತಕ್ಷರ ಆಮೇಲೆ ಬರುವುದರಿಂದ ಆರನ್ ಮತ್ತೆ ಆರ್ಡ್ಸ್ಮಾಗಿಂತ ಮುಂದಾಗುತ್ತಾನೆ. ಜಿಕ್ ಚವರ್ಗದ ನಡುವೆ ಎಲ್ಲೋ ಕಳೆದುಹೋಗುತ್ತಾನೆ. ಕೊನೆಯ ಜಾಗಕ್ಕೆ ಹಕಾರದವರು ನುಗ್ಗುತ್ತಾರೆ. ಹುಚ್ಚು ಹಂಗೇರಿಯನ್ ಎಂದು ಕರೆಸಿಕೊಂಡ ಅಲ್ ಹ್ರಬೋಸ್ಕಿ ಅಲ್ಲಿ ಕಾಲೂರಿ ನಿಂತನೋ ಎನ್ನುವಷ್ಟರಲ್ಲಿ ಕೊರಿಯದ ಹ್ವಾಂಗ್ ಜೇ-ಗ್ಯುನ್ ಬಂದು ಹಿಂದೆ ನಿಲ್ಲುತ್ತಾನೆ. ಹ್ವಾಂಗ್ ಎಂದರೆ ಹಳದಿ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಆಡಿದ್ದು ಬರೀ ಹದಿನೆಂಟು ಪಂದ್ಯ, ಅದರಲ್ಲಿ ಮೊದಲನೆಯದರಲ್ಲೇ ಒಂದು ಹೋಮ್ ರನ್. ಕಪಾಟಿನ ಬಾಗಿಲನ್ನು ಆತನಿಗೆ ತಾಗದಂತೆ ಹಾಕಿ.